ಟ್ರ್ಯಾಕ್ಟರನ್ನು ಕೆಳಗೆ ನಿಂತು ಚಾಲೂ ಮಾಡಬಾರದೇಕೆ?

ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ತಾನಾಗಿ ಚಾಲೂ ಆಗಲಾರದು. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು 16 ರಿಂದ 18 ಪಟ್ಟು ಕುಗ್ಗಿಸಿದಾಗ ಹುಟ್ಟುವ ಶಾಖದಿಂದ ಡೀಸೆಲ್ ಹೊತ್ತಿಕೊಳ್ಳುತ್ತದೆ. ಇದಕ್ಕಾಗಿ ಎಂಜಿನ್ನನ್ನು ಮೊದಲು ಹೊರಗಿನ ಬಲದಿಂದ ತಿರುಗಿಸಬೇಕು. ಈ ಕೆಲಸವನ್ನು ಸ್ಟಾರ್ಟರ್ ಮೋಟಾರು ಮಾಡುತ್ತದೆ.

ಸ್ಟಾರ್ಟರ್ ಕೆಲಸ ಮಾಡುವ ಬಗೆ

ಕೀಲಿ ತಿರುಗಿಸಿದೊಡನೆ 12 ವೋಲ್ಟಿನ ಬ್ಯಾಟರಿಯಿಂದ ಸಾಲಿನಾಯ್ಡ್ ಎಂಬ ವಿದ್ಯುತ್ ಕಾಂತಕ್ಕೆ ಸ್ವಲ್ಪ ವಿದ್ಯುತ್ತು ಹರಿಯುತ್ತದೆ. ಇದು ಪಿನಿಯನ್ ಎಂಬ ಚಿಕ್ಕ ಹಲ್ಲಿನ ಚಕ್ರವನ್ನು ಮುಂದೆ ತಳ್ಳಿ ಫ್ಲೈವೀಲಿನ ಹಲ್ಲುಗಳಿಗೆ ಕೂಡಿಸುತ್ತದೆ. ಜೊತೆಗೆ ಮೋಟಾರಿಗೆ ನೂರಾರು ಆಂಪಿಯರ್ ವಿದ್ಯುತ್ತು ಹರಿಯಲು ದಾರಿ ಮಾಡುತ್ತದೆ. ಪಿನಿಯನ್ನಿಗೆ ಸುಮಾರು 10, ಫ್ಲೈವೀಲಿಗೆ 100ಕ್ಕೂ ಹೆಚ್ಚು ಹಲ್ಲುಗಳಿರುತ್ತವೆ. ಆದುದರಿಂದ ಪಿನಿಯನ್ ಹತ್ತಕ್ಕೂ ಹೆಚ್ಚು ಸುತ್ತು ತಿರುಗಿದಾಗ ಎಂಜಿನ್ ಒಂದು ಸುತ್ತು ತಿರುಗುತ್ತದೆ. ವೇಗ ತಗ್ಗಿದಷ್ಟು ಬಲ ಹೆಚ್ಚುವುದರಿಂದ ಚಿಕ್ಕ ಮೋಟಾರು ದೊಡ್ಡ ಎಂಜಿನ್ನನ್ನು ತಿರುಗಿಸಬಲ್ಲದು.

ಗೇರ್ ಬಾಕ್ಸಿನ ಸಂಬಂಧ

ಗೇರ್ ಬಾಕ್ಸಿನಲ್ಲಿಯೂ ಇದೇ ತತ್ವವಿದೆ. ಉಳುಮೆಗೆ ಕೆಳಗಿನ ಗೇರನ್ನು ಬಳಸುವುದು ಎಳೆಯುವ ಬಲಕ್ಕಾಗಿ. ಎಂಜಿನ್ನಿನ ಶಕ್ತಿಯು ಫ್ಲೈವೀಲಿನಿಂದ ಕ್ಲಚ್ಚು, ಗೇರ್ ಬಾಕ್ಸು ಮತ್ತು ಡಿಫರೆನ್ಷಿಯಲ್ ಮೂಲಕ ಹಿಂದಿನ ಗಾಲಿಗಳಿಗೆ ತಲುಪುತ್ತದೆ. ಗೇರು ನ್ಯೂಟ್ರಲಿನಲ್ಲಿದ್ದರೆ ಈ ಸಂಪರ್ಕ ತಪ್ಪಿರುತ್ತದೆ. ಗೇರು ಬಿದ್ದಿದ್ದು ಕ್ಲಚ್ ಒತ್ತದಿದ್ದರೆ ಸ್ಟಾರ್ಟರ್ ಮೋಟಾರು ಎಂಜಿನ್ನಿನ ಜೊತೆಗೆ ಗಾಲಿಗಳನ್ನೂ ತಿರುಗಿಸುತ್ತದೆ. ಎಂಜಿನ್ ಹತ್ತಿಕೊಂಡೊಡನೆ ಟ್ರ್ಯಾಕ್ಟರು ಮುನ್ನುಗ್ಗುತ್ತದೆ.

ಇದನ್ನು ತಡೆಯಲು ಅನೇಕ ಟ್ರ್ಯಾಕ್ಟರುಗಳಲ್ಲಿ ಸುರಕ್ಷಾ ಸ್ವಿಚ್ಚನ್ನು ಅಳವಡಿಸಿರುತ್ತಾರೆ. ಗೇರು ನ್ಯೂಟ್ರಲಿನಲ್ಲಿರದಿದ್ದರೆ ಅಥವಾ ಕ್ಲಚ್ ಒತ್ತದಿದ್ದರೆ, ಕೀಲಿ ತಿರುಗಿಸಿದರೂ ಸಾಲಿನಾಯ್ಡಿಗೆ ವಿದ್ಯುತ್ತು ಹೋಗುವುದಿಲ್ಲ. ಕೀಲಿ ಅಥವಾ ಸ್ವಿಚ್ಚು ಕೆಟ್ಟಾಗ ಕೆಲವರು ಕೆಳಗೆ ನಿಂತು ಸ್ಟಾರ್ಟರಿನ ಟರ್ಮಿನಲ್ಲುಗಳಿಗೆ ಸ್ಕ್ರೂಡ್ರೈವರ್ ತಾಗಿಸುತ್ತಾರೆ. ಆಗ ವಿದ್ಯುತ್ತು ಸುರಕ್ಷಾ ಸ್ವಿಚ್ಚನ್ನು ಬಿಟ್ಟು ನೇರವಾಗಿ ಹರಿಯುತ್ತದೆ. ಗೇರು ಬಿದ್ದಿದ್ದರೆ ಹಿಂದಿನ ಗಾಲಿಯ ಮುಂದೆಯೇ ನಿಂತಿರುವ ವ್ಯಕ್ತಿಗೆ ಸರಿಯಲೂ ಸಮಯವಿರುವುದಿಲ್ಲ. ಹೀಗೆ ಗಾಲಿಯಡಿ ಸಿಕ್ಕಿ ಪ್ರಾಣ ಕಳೆದುಕೊಂಡವರಿದ್ದಾರೆ.

ಅನುಸರಿಸಬೇಕಾದ ಕ್ರಮಗಳು

1. ಆಸನದಲ್ಲಿ ಕುಳಿತು, ಬ್ರೇಕ್ ಹಾಕಿ, ಗೇರನ್ನು ನ್ಯೂಟ್ರಲಿಗೆ ತಂದು, ಕ್ಲಚ್ಚನ್ನು ಪೂರ್ತಿ ಒತ್ತಿದ ನಂತರವೇ ಕೀಲಿ ತಿರುಗಿಸಬೇಕು.

2. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಕಾಲ ಸ್ಟಾರ್ಟರನ್ನು ಓಡಿಸಬಾರದು. ಮೋಟಾರು ಕಾಯುವುದರಿಂದ ಒಂದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಬೇಕು.

3. ಬರಿದೇ 'ಟಕ್' ಎಂಬ ಸದ್ದು ಬಂದರೆ ಮೊದಲು ಬ್ಯಾಟರಿಯ ಚಾರ್ಜನ್ನೂ ತಂತಿಯ ಬಿಗಿತವನ್ನೂ ನೋಡಬೇಕು. ಟರ್ಮಿನಲ್ಲುಗಳ ಮೇಲೆ ಬಿಳಿಯ ಪದರ ಕಟ್ಟಿದ್ದರೆ ತೆಗೆದು ಶುಚಿಮಾಡಬೇಕು.

4. ಕೆಟ್ಟ ಸುರಕ್ಷಾ ಸ್ವಿಚ್ಚನ್ನು ಮೆಕ್ಯಾನಿಕ್‌ರಿಂದ ಸರಿಪಡಿಸಿಕೊಳ್ಳಬೇಕು. ತಂತಿಗಳನ್ನು ನೇರವಾಗಿ ಜೋಡಿಸಬಾರದು.

5. ಟ್ರ್ಯಾಕ್ಟರು ನಡೆಸುವ ಆಳುಗಳಿಗೂ ಮನೆಯ ಹುಡುಗರಿಗೂ ಈ ಕ್ರಮವನ್ನು ಮಾಡಿ ತೋರಿಸಬೇಕು.