ತಾತ ತೀರಿಕೊಂಡು ವರ್ಷಗಳಾದವು, ಪಹಣಿಯಲ್ಲಿ ಇನ್ನೂ ಇದ್ದಾರೆ. ಯಾಕೆ?

ಬೇಲೂರು ತಾಲ್ಲೂಕಿನ ಬಸ್ತಿಹಳ್ಳಿ, ಹಳೇಬೀಡಿನ ಪಕ್ಕದ ಜೈನ ಬಸದಿಗಳ ಊರು. ಅಲ್ಲಿರಲಿ, ನಿಮ್ಮೂರಲ್ಲಿರಲಿ, ಮನೆಯ ಪಹಣಿ ತೆಗೆದು ನೋಡಿ. ಎಂದೋ ತೀರಿಕೊಂಡ ತಾತನ ಹೆಸರೇ ಮಾಲೀಕರ ಕಾಲಂನಲ್ಲಿ ಇರಬಹುದು. ಎಲ್ಲಾ ಕಂಪ್ಯೂಟರ್ ಆದ ಮೇಲೂ ಹೀಗ್ಯಾಕೆ? ಇದು ತಿಳಿಯಬೇಕಾದರೆ ಡೇಟಾಬೇಸ್ ಅಂದರೇನು ಅಂತ ಸ್ವಲ್ಪ ಗೊತ್ತಿರಬೇಕು.

ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಭೂದಾಖಲೆಗಳನ್ನು ಕರ್ನಾಟಕದ 'ಭೂಮಿ' ಯೋಜನೆ 2000ದ ದಶಕದ ಆರಂಭದಲ್ಲಿ ಕಂಪ್ಯೂಟರಿಗೆ ತಂದಿತು. ಇಂಥ ದಾಖಲೆಗಳಿಗೆ ಒಗ್ಗುವುದು ರಿಲೇಷನಲ್ ಡೇಟಾಬೇಸ್. ಮಾಹಿತಿಯನ್ನೆಲ್ಲ ಟೇಬಲ್‌ಗಳಲ್ಲಿ ಇಡಬೇಕು ಎಂಬ ಈ ವಿಚಾರವನ್ನು ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು.

ಸರಳವಾಗಿ ಹೀಗೆ ಅಂದುಕೊಳ್ಳಿ. ಒಂದು ಟೇಬಲ್ ಜಮೀನಿನದು: ಒಂದು ಸಾಲಿಗೆ ಒಂದು ಜಮೀನು, ಕಾಲಂಗಳಲ್ಲಿ ಊರು, ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ. ಇನ್ನೊಂದು ಜನರದು: ಹೆಸರು, ತಂದೆಯ ಹೆಸರು, ವಿಳಾಸ. ಎಲ್ಲವನ್ನೂ ಒಂದೇ ಟೇಬಲ್‌ನಲ್ಲಿ ತುಂಬಿದರೆ ಏನಾಗುತ್ತೆ? ನಾಲ್ಕು ಕಡೆ ಜಮೀನಿರುವವರ ವಿಳಾಸ ನಾಲ್ಕು ಸಲ ಬರೆಯಬೇಕು. ಮೂರು ಕಡೆ ತಿದ್ದಿ ಒಂದು ಕಡೆ ಮರೆತರೆ ದಾಖಲೆಯೇ ಎರಡು ಮಾತಾಡುತ್ತೆ. ಹಾಗಾಗಿ ಒಂದು ವಿಷಯ ಒಂದೇ ಕಡೆ.

ಹೆಸರನ್ನು ಗುರುತಾಗಿ ನಂಬುವ ಹಾಗಿಲ್ಲ. ಒಂದೇ ಹೋಬಳಿಯಲ್ಲಿ ಎಷ್ಟು ಜನ ಮಂಜೇಗೌಡರು! ಅದಕ್ಕೇ ಪ್ರತಿ ಸಾಲಿಗೂ ಬೇರೆ ಯಾರಿಗೂ ಇರದ ಒಂದು ನಂಬರ್. ಇದೇ ಪ್ರೈಮರಿ ಕೀ. ಮೂರನೆಯದು ಹಕ್ಕಿನ ಟೇಬಲ್: '17ನೇ ವ್ಯಕ್ತಿಗೆ 52ನೇ ಜಮೀನು' ಅಂತಷ್ಟೇ ಬರೆದಿರುತ್ತೆ. ಬೇರೆ ಟೇಬಲ್‌ನತ್ತ ಕೈ ತೋರಿಸುವ ಈ ನಂಬರುಗಳು ಫಾರಿನ್ ಕೀ. ಜಂಟಿ ಖಾತೆಯಾದರೆ ಅದೇ ಜಮೀನಿಗೆ ಇನ್ನೊಂದು ಸಾಲು ಸೇರಿಸಿದರಾಯಿತು. ಪಹಣಿ ಕೇಳಿದಾಗ ಮೂರೂ ಟೇಬಲ್‌ಗಳನ್ನು ಕೂಡಿಸಿ ಉತ್ತರ ಕೊಡುವುದೇ ಜಾಯಿನ್.

ಈಗ ತಾತನ ವಿಷಯಕ್ಕೆ ಬನ್ನಿ. ಹಕ್ಕಿನ ಟೇಬಲ್‌ನಲ್ಲಿ '17' ಅಂತ ಬರೆದರೆ, ಜನರ ಟೇಬಲ್‌ನಲ್ಲಿ 17 ಇದೆಯಾ ಅಂತ ಡೇಟಾಬೇಸ್ ನೋಡುತ್ತೆ. ಆ ಮನುಷ್ಯ ಬದುಕಿದ್ದಾನಾ ಅಂತ ತಾನಾಗಿ ನೋಡಲ್ಲ. ನಿಯಮದ ಪ್ರಕಾರ ಎಲ್ಲಾ ಸರಿ ಇದೆ, ದಾಖಲೆ ಮಾತ್ರ ಸುಳ್ಳು. ಅದನ್ನು ಬದಲಿಸಲು ಯಾರಾದರೂ ಪೌತಿ ಖಾತೆಗೆ ಅರ್ಜಿ ಹಾಕಬೇಕು. ಅಲ್ಲಿವರೆಗೆ ಬೆಳೆ ಸಾಲ, ಬೆಳೆಹಾನಿ ಪರಿಹಾರಕ್ಕೆ ಮನೆಯವರು ಅಲೆಯಬೇಕಾಗುತ್ತೆ.

ಹೆಣ್ಣುಮಕ್ಕಳ ಪಾಲಿನ ಕತೆಯೂ ಇಷ್ಟೇ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಆದರೆ ಕಾನೂನು ಬಂದ ಮಾತ್ರಕ್ಕೆ ಟೇಬಲ್‌ನಲ್ಲಿ ಅವಳ ಸಾಲು ಹುಟ್ಟಲ್ಲ. ಪೌತಿ ಖಾತೆ ಮಾಡಿಸುವಾಗ ಅಣ್ಣತಮ್ಮಂದಿರು ಅವಳ ಹೆಸರು ಬಿಟ್ಟರೆ, ಸಾಫ್ಟ್‌ವೇರ್‌ಗೆ ಅದೊಂದು ತಪ್ಪಾಗಿ ಕಾಣೋದೇ ಇಲ್ಲ.

ಕಚೇರಿಯಲ್ಲಿ 'ಸಿಸ್ಟಮ್‌ನಲ್ಲಿ ಹೀಗೇ ಇದೆ' ಅಂದರೆ ಸುಮ್ಮನೆ ವಾಪಸ್ ಬರಬೇಡಿ. ಆ ಸಾಲನ್ನು ಯಾರು, ಯಾವಾಗ, ಯಾವ ಮ್ಯುಟೇಶನ್ ಮೇಲೆ ಬರೆದರು ಅಂತ ಕೇಳಿ. ಅದಕ್ಕೂ ಮೊದಲು ಮನೆಯ ಪಹಣಿಯಲ್ಲಿ ಯಾರ ಹೆಸರಿದೆ, ಯಾರದಿಲ್ಲ, ಒಮ್ಮೆ ನೋಡಿ.