ಓದಿದ್ದು ತಿಳಿಯಿತೆ?

ಕಳೆದ ವರ್ಷ ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯಿದು. ನಾಲ್ಕನೆಯ ತರಗತಿಯಲ್ಲಿದ್ದ ಹುಡುಗನು ಎಲ್ಲಿಯೂ ತಡವರಿಸದೆ, ಒಂದು ಒತ್ತಕ್ಷರವನ್ನೂ ನುಂಗದೆ, ಗಂಟೆ ಬಾರಿಸಿದಂತೆ ಪಾಠವನ್ನು ಓದುತ್ತಿದ್ದನು. ನಮಗೆ ಅದೊಂದು ಹೆಮ್ಮೆಯಾಗಿದ್ದಿತು. ಒಂದು ಬೆಳಿಗ್ಗೆ ನಾವು ಹೊರಗೆ ಹೋಗಿದ್ದಾಗ, ಕಿವಿ ಮಂದವಾಗಿರುವ ಅಜ್ಜಿಯು ಮಂಡಿನೋವಿನ ಮಾತ್ರೆಯ ಚೀಟಿಯನ್ನು ಮೊಮ್ಮಗನ ಕೈಗೆ ಕೊಟ್ಟರು. "ಬರಿಯ ಹೊಟ್ಟೆಯಲ್ಲಿ ಕೊಡಕೂಡದು" ಎಂಬುದನ್ನು ಅವನು ತಪ್ಪಿಲ್ಲದೆ ಓದಿದನು. ಓದಿ, ತಿಂಡಿಗೆ ಮುಂಚೆಯೇ ನೀರಿನೊಡನೆ ಮಾತ್ರೆಯನ್ನು ಕೊಟ್ಟನು. ಅಜ್ಜಿಯು ಮಧ್ಯಾಹ್ನದವರೆಗೆ ಹೊಟ್ಟೆಯುರಿಯಿಂದ ನರಳಬೇಕಾಯಿತು.

ಮೊದಲು ಹುಡುಗನನ್ನು ಗದರಿಸಿದೆವು. ಯೋಚಿಸಿದ ಮೇಲೆ ತಪ್ಪು ನಮ್ಮದೆಂದು ತಿಳಿಯಿತು. "ಓದು, ಓದು" ಎಂದು ದಿನವೂ ಹೇಳಿದ್ದೆವು, "ಏನು ಓದಿದೆ?" ಎಂದು ಒಂದು ದಿನವಾದರೂ ಕೇಳಿರಲಿಲ್ಲ.

ಕನ್ನಡದ ಲಿಪಿಯು ಬರೆದಂತೆ ಓದುವ ಲಿಪಿ. ಕಾಗುಣಿತವೂ ಒತ್ತುಗಳೂ ಕೈವಶವಾದ ಮಗುವು ಅರ್ಥವರಿಯದ ಪದವನ್ನು ಕೂಡ ಸುಲಲಿತವಾಗಿ ಉಚ್ಚರಿಸಬಲ್ಲದು. ಆದುದರಿಂದಲೇ ಹಿರಿಯರಾದ ನಾವು ಮೋಸಹೋಗುವುದು. ನಾಲಗೆಯ ಓಟವನ್ನು ಬುದ್ಧಿಯ ಓಟವೆಂದು ಭ್ರಮಿಸುತ್ತೇವೆ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು ಇದನ್ನೊಂದು ಗುಣಾಕಾರದಂತೆ ನಿರೂಪಿಸಿದರು. ಅಕ್ಷರವನ್ನು ಬಿಡಿಸುವ ಶಕ್ತಿಯನ್ನು ಭಾಷೆಯನ್ನು ಗ್ರಹಿಸುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಅರ್ಥಗ್ರಹಣ. ಎರಡರಲ್ಲಿ ಒಂದು ಸೊನ್ನೆಯಾದರೆ ಲಬ್ಧವೂ ಸೊನ್ನೆಯೇ.

ನಮ್ಮ ನಾಡಿನ ಹಿರಿಯರಿಗೆ ಈ ಮರ್ಮವು ಹೊಸದಲ್ಲ. ಗಮಕದ ಸಭೆಯನ್ನು ನೋಡಿದವರಿಗೆ ಇದು ಗೊತ್ತು. ಕುಮಾರವ್ಯಾಸ ಭಾರತವನ್ನು ಒಬ್ಬರು ರಾಗವಾಗಿ ವಾಚನಮಾಡಿದರೆ, ಮತ್ತೊಬ್ಬರು ಅದರ ವ್ಯಾಖ್ಯಾನವನ್ನು ಮಾಡುವರು. ವಾಚನವೇ ಬೇರೆ, ವ್ಯಾಖ್ಯಾನವೇ ಬೇರೆ. ಎರಡೂ ಕೂಡಿದಾಗಲೇ ಸಭೆಗೆ ಸಂತೋಷ. ಮನೆಯಲ್ಲಿ ನಾವು ಮಕ್ಕಳಿಂದ ವಾಚನವನ್ನು ಮಾತ್ರ ಮಾಡಿಸಿ, ವ್ಯಾಖ್ಯಾನವನ್ನು ಮರೆತಿದ್ದೇವೆ. ಅದನ್ನು ಮರಳಿ ತರಲು ಸಂಜೆ ಕಾಲು ಗಂಟೆಯ ಹೊತ್ತು ಸಾಕು. ನಾವು ಮಾಡಿ ನೋಡಿದ ಕೆಲವು ಕ್ರಮಗಳನ್ನು ವಾಚಕರ ಮುಂದಿಡುತ್ತೇವೆ.

ಮೊದಲನೆಯದಾಗಿ, ವಾಕ್ಯವನ್ನು ಕಡೆಯವರೆಗೆ ಓದುವ ಅಭ್ಯಾಸ. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ತುದಿಯಲ್ಲಿ ಬರುವುದು. 'ಬೇಕು', 'ಬಾರದು' ಎಂಬ ಭೇದವೂ ಆ ಪದದ ತುದಿಯಲ್ಲಿಯೇ ಅಡಗಿರುವುದು. 'ಹೇಳಿ ಹೋದನು' ಎಂಬುದಕ್ಕೂ 'ಹೇಳದೆ ಹೋದನು' ಎಂಬುದಕ್ಕೂ ಎಷ್ಟು ಅಂತರ! ಇಂಥ ಜೋಡಿಗಳನ್ನು ಹೇಳಿ, "ಇದರಲ್ಲಿ ಮನೆಯವರಿಗೆ ಗೊತ್ತಿತ್ತೆ, ಅದರಲ್ಲಿ ಗೊತ್ತಿತ್ತೆ?" ಎಂದು ಕೇಳಿದರೆ ಮಕ್ಕಳಿಗೆ ಅದೊಂದು ಆಟವಾಗುವುದು.

ಎರಡನೆಯದಾಗಿ, ಪ್ರಶ್ನೆಯ ರೀತಿ. "ರೈತನು ಆಕಾಶವನ್ನು ನೋಡಿ ನಿಟ್ಟುಸಿರು ಬಿಟ್ಟನು" ಎಂದಿರಲಿ. ಯಾರು ನೋಡಿದರು ಎಂಬುದಕ್ಕೆ ಉತ್ತರವು ಸಾಲಿನಲ್ಲಿಯೇ ಇದೆ. ಏಕೆ ನಿಟ್ಟುಸಿರು ಬಿಟ್ಟನು ಎಂಬುದಕ್ಕೆ ಸಾಲಿನಲ್ಲಿ ಉತ್ತರವಿಲ್ಲ. ಮಳೆ, ಬೆಳೆ, ಸಾಲ ಇವುಗಳನ್ನು ಬಲ್ಲ ಮಗುವು ಮಾತ್ರ ಊಹಿಸೀತು. ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂಬುದಕ್ಕೆ ಉತ್ತರವು ಮಗುವಿನ ಮನಸ್ಸಿನಲ್ಲಿದೆ. ಮೂರು ಬಗೆಯ ಪ್ರಶ್ನೆಗಳನ್ನೂ ಕೇಳತಕ್ಕದ್ದು. ಲೋಕಾನುಭವವಿಲ್ಲದೆ ಎರಡನೆಯದಕ್ಕೆ ಉತ್ತರ ಬಾರದು. ಆದುದರಿಂದ ಸಂತೆಗೆ, ಹೊಲಕ್ಕೆ, ಕಮ್ಮಾರನ ಕುಲುಮೆಗೆ ಮಗುವನ್ನು ಕರೆದೊಯ್ಯುವುದು ಕೂಡ ಓದಿನ ಪಾಠವೇ ಸರಿ.

ಮೂರನೆಯದಾಗಿ, ತಿಳಿಯದ ಪದ. ಮನೆಯಲ್ಲಿ 'ಹೊರಟ' ಎನ್ನುವ ಮಗುವಿಗೆ ಪುಸ್ತಕದ 'ತೆರಳಿದನು' ಎಂಬುದು ಹೊಸದಾಗಿ ಕಾಣುವುದು ಸಹಜ. ಕೂಡಲೆ ಅರ್ಥವನ್ನು ಹೇಳಿಬಿಡಬಾರದು. ಹಿಂದು ಮುಂದಿನ ವಾಕ್ಯಗಳನ್ನು ಓದಿಸಿ, ಊಹಿಸಲು ಬಿಡಬೇಕು. ಆಮೇಲೆ ನಿಘಂಟನ್ನು ತೆರೆದು ಊಹೆಯನ್ನು ಪರೀಕ್ಷಿಸಬೇಕು. ತಾನೇ ಕಂಡುಕೊಂಡ ಪದವನ್ನು ಮಗುವು ಮರೆಯುವುದಿಲ್ಲ.

ನಾಲ್ಕನೆಯದಾಗಿ, ಸರದಿಯ ಮೇಲೆ ಗುರುತ್ವ. ಸರಾಗವಾಗಿ ಓದಿಯೂ ಅರ್ಥವಾಗದೆ ತೊಳಲುತ್ತಿದ್ದ ಏಳನೆಯ ತರಗತಿಯ ಮಕ್ಕಳಿಗೆ ನಾಲ್ಕು ಕೆಲಸಗಳನ್ನು ಕಲಿಸಿ, ಪಾಲಿಂಕ್ಸರ್ ಮತ್ತು ಬ್ರೌನ್ ಎಂಬ ವಿದುಷಿಯರು ಒಳ್ಳೆಯ ಫಲವನ್ನು ಕಂಡುದಾಗಿ 1984ರಲ್ಲಿ ಪ್ರಕಟಿಸಿದರು. ಮುಂದೇನೆಂದು ಊಹಿಸುವುದು, ಪ್ರಶ್ನೆ ಕೇಳುವುದು, ತೊಡಕನ್ನು ಬಿಡಿಸುವುದು, ಸಾರವನ್ನು ಹೇಳುವುದು—ಇವೇ ಆ ನಾಲ್ಕು. ಒಮ್ಮೆ ಹಿರಿಯರು ಗುರುವಾದರೆ ಮತ್ತೊಮ್ಮೆ ಮಗುವೇ ಗುರು. ನಮ್ಮನ್ನು ಪ್ರಶ್ನಿಸುವ ಅಧಿಕಾರವು ಕೈಗೆ ಬಂದಾಗ ಮಗುವು ಎಷ್ಟು ಎಚ್ಚರದಿಂದ ಓದುವುದೆಂಬುದನ್ನು ನೋಡಿಯೇ ತಿಳಿಯಬೇಕು.

ಒಂದು ಎಚ್ಚರಿಕೆ. ಇದು ಪರೀಕ್ಷೆಯಾಗಬಾರದು. ತಪ್ಪು ಉತ್ತರಕ್ಕೆ ಗದರಿಸಿದರೆ ಮಗುವು ಊಹಿಸುವುದನ್ನೇ ಬಿಟ್ಟು, ಮರಳಿ ಉರುಹೊಡೆಯಲು ತೊಡಗುವುದು. "ಯಾವ ಸಾಲಿನಿಂದ ಹಾಗೆ ತೋರಿತು?" ಎಂದು ಕೇಳಿದರೆ ಸಾಕು, ತಪ್ಪನ್ನು ಹಲವು ಸಲ ಅದೇ ತಿದ್ದಿಕೊಳ್ಳುವುದು.

ನಮಗೆ ಓದುಬರಹ ಕಡಮೆ, ನಾವೇನು ಕಲಿಸಬಲ್ಲೆವು ಎಂದು ಅಂಜುವ ಹಿರಿಯರಿಗೆ ನಮ್ಮ ಮನೆಯ ಅಜ್ಜಿಯೇ ಉತ್ತರ. ಅವರು ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಈಗ ಪ್ರತಿ ಸಂಜೆ ಹುಡುಗನು ಒಂದು ಕಥೆಯನ್ನು ಓದಿಕೊಂಡು, ಅವರ ಕಿವಿಯ ಬಳಿ ಕುಳಿತು ಹೇಳಬೇಕು. ಇಡೀ ಪುಟವನ್ನು ಕೂಗಿ ಹೇಳಲಾಗದು. ಆದುದರಿಂದ ತಿರುಳನ್ನು ತೆಗೆದು ತನ್ನ ಮಾತಿನಲ್ಲಿಯೇ ಹೇಳುವನು. ಅಜ್ಜಿಯು "ಯಾಕಂತೆ?" "ಆಮೇಲೆ?" ಎನ್ನುವರು. ಉತ್ತರ ತಿಳಿಯದಿದ್ದರೆ ಹುಡುಗನು ಎದ್ದುಹೋಗಿ ಪುಸ್ತಕವನ್ನು ಮತ್ತೆ ತೆರೆಯುವನು.

ಮೊನ್ನೆ ಅಜ್ಜಿಗೆ ಹೊಸ ಔಷಧ ಬಂದಿತು. ಹುಡುಗನು ಚೀಟಿಯನ್ನು ಓದಿದನು, ಓದಿ ಸುಮ್ಮನಾಗದೆ, "ಅಜ್ಜಿ, ತಿಂಡಿ ಆಯಿತೆ?" ಎಂದು ಕೇಳಿದನು.