ಅಗಸಿ ಹಿಂಡಿ ಇರಲಿ ತಾಟಿನಲ್ಲಿ

ನಮ್ಮ ಮೈಯಲ್ಲಿ ಲೆಕ್ಕವಿಲ್ಲದಷ್ಟು ಜೀವಕೋಶಗಳಿವೆ. ಮನೆಗೆ ಗೋಡೆ ಇದ್ದ ಹಾಗೆ ಪ್ರತಿ ಜೀವಕೋಶಕ್ಕೂ ತೆಳುವಾದ ಪೊರೆ ಇದೆ. ಬೇಕಾದ್ದನ್ನು ಒಳಗೆ ಬಿಡುವುದು, ಬೇಡಾದ್ದನ್ನು ಹೊರಗೆ ಹಾಕುವುದು ಅದರ ಕೆಲಸ. ಈ ಪೊರೆ ಕಟ್ಟಲು ಕೊಬ್ಬು ಬೇಕೇ ಬೇಕು.

ಎರಡು ಬಗೆಯ ಕೊಬ್ಬನ್ನು ನಮ್ಮ ಮೈ ತಾನೇ ತಯಾರಿಸಲಾರದು. ಒಂದು ಒಮೆಗಾ-6, ಇನ್ನೊಂದು ಒಮೆಗಾ-3. ಇವು ಊಟದಿಂದಲೇ ಸಿಗಬೇಕು. ಮೊದಲನೆಯದು ಕುಸುಬಿ ಎಣ್ಣೆ, ಶೇಂಗಾ ಎಣ್ಣೆಯಲ್ಲಿದೆ. ಎರಡನೆಯದು ಅವುಗಳಲ್ಲಿ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಅಗಸಿಯಲ್ಲಿ ಧಾರಾಳ. 10 ಗ್ರಾಂ ಅಗಸಿಯಲ್ಲಿ ಸುಮಾರು 2 ಗ್ರಾಂ ಸಿಗುತ್ತದೆ.

ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆ ಜೋಳದ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ತಿನ್ನುವುದು ಹಿರಿಯರ ರೂಢಿ. ಅದನ್ನು ಬಿಡಬೇಡಿ.

ಅಗಸಿಯನ್ನು ಇಡಿಯಾಗಿ ನುಂಗಿದರೆ ಅರಗದೇ ಹೋಗುತ್ತದೆ. ಹದವಾಗಿ ಹುರಿದು, ಕುಟ್ಟಿ ಪುಡಿ ಮಾಡಿ. ವಾರಕ್ಕೆ ಬೇಕಾದಷ್ಟೇ ಕುಟ್ಟಿಕೊಳ್ಳಿ. ಕಮಟು ವಾಸನೆ ಬಂದರೆ ಚೆಲ್ಲಿಬಿಡಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಅಂಗಡಿಯಲ್ಲಿ ಒಮೆಗಾ-3 ಗುಳಿಗೆಗಳೂ ಸಿಗುತ್ತವೆ. ಯಾರೋ ಹೇಳಿದರೆಂದು ಸಾಲ ಮಾಡಿ ತರಬೇಡಿ. ರಕ್ತ ತೆಳು ಮಾಡುವ ಔಷಧಿ ತಗೊಳ್ಳುವವರಂತೂ ಡಾಕ್ಟರನ್ನು ಕೇಳದೆ ನುಂಗಲೇಬಾರದು. ಹಿಂಡಿಯಾಗಲಿ ಗುಳಿಗೆಯಾಗಲಿ, ಡಾಕ್ಟರು ಕೊಟ್ಟ ಔಷಧಿಗೆ ಬದಲಿಯಲ್ಲ.

ನಿಮ್ಮ ಮನೆಯಲ್ಲಿ ಅಗಸಿ ಹಿಂಡಿಗೆ ಏನೇನು ಹಾಕ್ತೀರಿ? ಐದು ಸಾಲು ಬರೆದು ನೋಡಿ.